ಕಾಲ್ಬೆರಳಿನಲ್ಲಿ ಹಿಡಿದ ನೈಲಾನ್ ಹಗ್ಗ

ಮಾಸೂರು ಬಿಡುವ ಮುನ್ನ

ಜಪಾನಿಗೆ ಹೋಗಿಬಂದವರು ಚೆರಿ ಹೂವಿನ ಬಗ್ಗೆ ಬರೆಯುತ್ತಾರೆ, ಮಂಜಿನ ಬೆಟ್ಟದ ಬಗ್ಗೆ ಬರೆಯುತ್ತಾರೆ. ನಾನು ಹೋದದ್ದು ಹೂವಿನ ಕಾಲದಲ್ಲಲ್ಲ, ಬೆಟ್ಟ ನನ್ನ ದಾರಿಗೆ ಬರಲಿಲ್ಲ. ನಾನು ನೋಡಿಬಂದದ್ದು ಹಗ್ಗ. ಹಗ್ಗ ನೋಡಲು ಸಮುದ್ರ ದಾಟಿದ ಹಿರೇಕೆರೂರು ತಾಲೂಕಿನ ಮೊದಲ ಮನುಷ್ಯ ನಾನೇ ಇರಬೇಕು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹೋಗದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ನಮ್ಮ ಮನೆ ಮಾಸೂರಿನಲ್ಲಿ, ಊರಿನಿಂದ ಆಚೆಗಿರುವ ಕೇರಿಯಲ್ಲಿ. ಪುಂಡಿ ಗಿಡದ ಕಡ್ಡಿಯನ್ನು ಸೂಡು ಕಟ್ಟಿ ಮದಗದ ಕೆರೆಯ ಅಂಚಿನಲ್ಲಿ ಕೊಳೆಹಾಕಿ, ಸಿಪ್ಪೆ ಸುಲಿದು, ನಾರು ಬಡಿದು, ಹಗ್ಗ ಹೊಸೆಯುವುದು ನಮ್ಮ ಕೇರಿಯ ಕಸುಬು. ಊರಿನ ಅಷ್ಟೂ ಬಾವಿಗಳಿಗೆ ನಮ್ಮಪ್ಪನ ಹಗ್ಗ. ಆ ಬಾವಿಗಳಲ್ಲಿ ಒಂದರ ಕಟ್ಟೆಯನ್ನೂ ನಾವು ಹತ್ತುವಂತಿರಲಿಲ್ಲ. ಹತ್ತಬಹುದೆಂದು ಕಾಯದೆ ಬಂದಿತ್ತು. ಆ ಕಾಯದೆ ಹಾವೇರಿಯವರೆಗೆ ಬಂದು, ಅಲ್ಲಿ ಮಾಸೂರಿನ ಬಸ್ಸು ತಪ್ಪಿಸಿಕೊಂಡಿತ್ತೆಂದು ಕಾಣುತ್ತದೆ.

ಹೊಸ ಹಗ್ಗ ಕೊಡುವುದಕ್ಕೂ ಒಂದು ರೀತಿಯಿತ್ತು. ಅಪ್ಪ ಅದನ್ನು ಗೌಡರ ಅಂಗಳದಲ್ಲಿ ಹಾಕಿ ಹಿಂದೆ ಸರಿದು ನಿಲ್ಲಬೇಕು. ಗೌಡರ ಆಳು ಬಂದು ಕೋಲಿನಿಂದ ಅದನ್ನು ಎತ್ತಿ, ಅರಿಸಿನ ಮತ್ತು ಗೋಮೂತ್ರ ಕಲಸಿದ ಕಲ್ಲುದೋಣಿಯ ನೀರಿನಲ್ಲಿ ಒಂದಿಡೀ ದಿನ ಮುಳುಗಿಸಿಡಬೇಕು. ನಮ್ಮ ಕೈಯ ಮೈಲಿಗೆ ಆ ನೀರಿಗೆ ಬಿಟ್ಟ ಮೇಲೆ ಹಗ್ಗ ಬಾವಿಗೆ ಇಳಿಯುತ್ತಿತ್ತು. ಅಪ್ಪ ಇದರಲ್ಲೂ ಒಂದು ಸಮಾಧಾನ ಹುಡುಕಿಕೊಂಡಿದ್ದ. "ನೆನಸಿದ್ರ ಪುಂಡಿ ಹಗ್ಗ ಬಿಗಿ ಆಗತೈತಿ. ಮೈಲಿಗಿ ಮೈಲಿಗಿ ಅನಕೊಂತ ಅವ್ರು ನಮ್ಮ ಕೆಲಸಾನ ಮಾಡ್ತಾರ ನೋಡು" ಎಂದು ಮನೆಗೆ ಬಂದು ನಗುತ್ತಿದ್ದ. ನನಗೆ ಚಿಕ್ಕಂದಿನಿಂದಲೂ ಆ ನಗು ಸೇರುತ್ತಿರಲಿಲ್ಲ.

ಹಾನಗಲ್ಲಿನಲ್ಲಿ ಹೈಸ್ಕೂಲಿಗೆ ಸೇರುವಾಗ ಅಡ್ಡಹೆಸರು ಏನೆಂದು ಕೇಳಿದರು. ನಮಗೆ ಅಂಥದ್ದು ಇರಲಿಲ್ಲ. ಗುಮಾಸ್ತರು ಊರಿನ ಹೆಸರನ್ನೇ ಬರೆದುಕೊಂಡರು. ಹೀಗೆ ನಾನು 'ಮಾಸೂರ' ಆದೆ. ನಮ್ಮ ಕಡೆ ದೇಸಾಯರ ಮಗನಿಗೂ ಊರ ಹೆಸರೇ, ಹಗ್ಗದವನ ಮಗನಿಗೂ ಊರ ಹೆಸರೇ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಅಲ್ಲೇ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸ ಹಿಡಿಯುವವರೆಗೆ ಆ ಹೆಸರು ನನ್ನನ್ನು ಕೊಡೆಯಂತೆ ಕಾಯಿತು. ಯಾರಿಗೂ ಸುಳ್ಳು ಹೇಳಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅರವತ್ತರ ದಶಕದ ನಡುವೆ ನಮ್ಮ ಭಾಗದಲ್ಲಿ ನೈಲಾನ್ ಹಗ್ಗದ ಒಂದು ಸಣ್ಣ ಕಾರಖಾನೆ ಮಾಡಬೇಕೆಂದು ಸಮಿತಿಯೊಂದು ಹೊರಟಿತು. ಹಾನಗಲ್ಲು, ಶಿಗ್ಗಾಂವ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ಎಲ್ಲಿ ಮಾಡಬೇಕು, ಯಾರ ಕೈಯಲ್ಲಿ ಮಾಡಿಸಬೇಕು ಎಂದು ಜಪಾನಿನಲ್ಲಿ ಕಲಿತು ಬಂದು ವರದಿ ಕೊಡಲು ಇಬ್ಬರನ್ನು ಆರಿಸಿದರು. ಒಬ್ಬ ಕೆಮಿಸ್ಟ್, ಒಬ್ಬ ಎಂಜಿನಿಯರ್. ಕೆಮಿಸ್ಟ್ ನಾನು.

ಹೊರಡುವ ದಿನ ಅಪ್ಪ ಕೇರಿಯ ಬೇವಿನ ಗಿಡದ ಕೆಳಗೆ ಹಗ್ಗ ಹೊಸೆಯುತ್ತ ಕೂತಿದ್ದ. ಎಡಗಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಹಗ್ಗದ ತುದಿಯನ್ನು ಸಿಕ್ಕಿಸಿಕೊಂಡು ಎರಡೂ ಕೈಯಿಂದ ಹುರಿ ಹಾಕುವುದು ನಮ್ಮವರ ಪದ್ಧತಿ. ತಲೆ ಎತ್ತದೆಯೇ ಕೇಳಿದ.

"ಆ ಹಗ್ಗ ಎದರಿಂದ ಮಾಡ್ತಾರ?"

"ಎರಡ ತರದ ಔಷಧ ಕೂಡಿಸಿ ಮಾಡ್ತಾರಪ್ಪಾ. ನಾರು ಬೇಕಾಗಂಗಿಲ್ಲ."

"ಎದರಿಂದರ ಮಾಡ್ಲಿ. ಹೊಸಿಯೂ ಕೆಲಸ ನಮ್ಮ ಕೇರಿ ಕೈಯಾಗ ಉಳೀತೈತೇನು? ಅಷ್ಟ ನೋಡಿ ಬಾ."

ನೋಡಿ ಬರುತ್ತೇನೆ, ಉಳಿಸಿಯೂ ಬರುತ್ತೇನೆ ಎಂದೆ. ಇಪ್ಪತ್ತೇಳು ವರ್ಷದವನಿಗೆ ಅಷ್ಟು ಸೊಕ್ಕು ಸಹಜ.

ಬೋಟು

ಎಂಜಿನಿಯರ್ ಚನ್ನವೀರ ಶಿಗ್ಗಾಂವದ ಕಾಳುಕಡಿ ವ್ಯಾಪಾರಸ್ಥರ ಮಗ. ನನ್ನ ವಯಸ್ಸಿನವನೇ, ಬಾಯಿ ತುಂಬ ನಗುವ ಮನುಷ್ಯ. ಮುಂಬಯಿಯಲ್ಲಿ ಬೋಟು ಹತ್ತುವಾಗ ನನಗೆ 'ರಿ' ಹಚ್ಚಿ ಮಾತಾಡುತ್ತಿದ್ದವನು ಕೊಲಂಬೊ ಬರುವಷ್ಟರಲ್ಲಿ 'ನೀ' ಅನ್ನಲು ಶುರುಮಾಡಿದ. ಇಬ್ಬರೂ ಕಂಬಿ ಹಿಡಿದುಕೊಂಡು ಸಮುದ್ರಕ್ಕೆ ಕಾರಿಕೊಂಡ ಮೇಲೆ ಬಹುವಚನ ಉಳಿಯುವುದು ಕಷ್ಟ.

ಅವನ ತಾಯಿ ಒಂದು ದೊಡ್ಡ ಡಬ್ಬಿ ಕಟ್ಟಿ ಕಳಿಸಿದ್ದರು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಬಾಯಾಡಿಸಲು ಸವಣೂರಿನ ಕುರುಕಲು ಖಾರ. ಬೋಟಿನ ಊಟ ಬಾಯಿಗೆ ಹತ್ತದ ನಮಗೆ ಆ ಡಬ್ಬಿಯೇ ಗತಿ. ಒಂದೇ ಡಬ್ಬಿಯಲ್ಲಿ ಇಬ್ಬರ ಕೈ. ಅವನು ಮುರಿದ ರೊಟ್ಟಿಯ ಅರ್ಧ ನನಗೆ, ನಾನು ಕುಡಿದ ಲೋಟದ ಉಳಿದ ನೀರು ಅವನಿಗೆ. ಹುಟ್ಟಿದ ಮೇಲೆ ಮೊದಲ ಸಲ ಇನ್ನೊಂದು ಓಣಿಯವನ ಜೊತೆ ಹಾಗೆ ಉಂಡೆ. ಆ ಹದಿನೈದಿಪ್ಪತ್ತು ದಿನ ನಾನು ಖುಷಿಯಾಗಿದ್ದೆ, ಅದನ್ನು ಮುಚ್ಚಿಡುವುದಿಲ್ಲ.

ಸಿಂಗಾಪುರದಲ್ಲಿ ಬೋಟನ್ನು ದಂಡೆಗೆ ಕಟ್ಟುವಾಗ ಖಲಾಸಿಗಳು ದಪ್ಪನೆಯ ಬಿಳಿ ಹಗ್ಗ ಎಸೆದರು. ನೈಲಾನ್. ಚನ್ನವೀರ ಹೋಗಿ ಅದನ್ನು ಮುಟ್ಟಿ, ಮೂಸಿ ನೋಡಿ ಬಂದ.

"ಮಾಸೂರ, ನೋಡಲೇ ಇದನ್ನ. ಪೂರಾ ಮಶೀನಿನ ಕೆಲಸ. ಯಾರ ಕೈಯೂ ತಾಗಿಲ್ಲ. ನಮ್ಮವ್ವಗ ಒಂದ ಒಯ್ದು ಕೊಟ್ರ ಭಾಳ ಖುಷಿ ಆಗತಾಳ. ತೊಳಿಯೂದು ಬ್ಯಾಡ, ದಿನಪೂರ್ತಿ ನೆನಸೂದು ಬ್ಯಾಡ, ಸೀದಾ ಬಾವಿಗೆ ಬಿಡಬಹುದು."

ಅವನ ಮಾತಿನಲ್ಲಿ ದ್ವೇಷವಿರಲಿಲ್ಲ. ಅಕ್ಕಿಯಲ್ಲಿ ಕಲ್ಲಿಲ್ಲ ಎನ್ನುವ ಹಾಗೆ ಹೇಳಿದ. ನಾನೂ ನಕ್ಕೆ. ಆ ನಗು ಅಪ್ಪನ ನಗುವಿಗಿಂತ ಕಡೆಯಾಗಿತ್ತು.

ಕಡಲ ತಡಿಯ ಊರು

ಕೋಬೆಯಲ್ಲಿ ಇಳಿದು, ರೈಲು ಹಿಡಿದು, ನಗೋಯಾ ದಾಟಿ ಸಮುದ್ರದ ದಂಡೆಯ ಒಂದು ಊರಿಗೆ ಹೋದೆವು. ಮೀನುಗಾರರ ಊರು. ಗಾಳಿಗೆಲ್ಲ ಮೀನಿನ ವಾಸನೆ. ಮದಗದ ಕೆರೆಯಲ್ಲಿ ಪುಂಡಿ ಕೊಳೆಯುವಾಗಿನ ನಾತ ಕುಡಿದು ಬೆಳೆದ ನನಗೆ ಅದೇನೂ ಅನ್ನಿಸಲಿಲ್ಲ. ಚನ್ನವೀರ ಮೂರು ದಿನ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ತಿರುಗಿದ. "ನಿನಗ ಹೆಂಗ ತಡಕೋಳಾಕ ಆಗತೈತಿ ಮಾರಾಯಾ?" ಎಂದು ಕೇಳಿದ. ನೆಗಡಿಯಾಗಿದೆ ಎಂದೆ.

ನಮಗೆ ಒಬ್ಬ ವಿಧವೆಯ ಮನೆಯಲ್ಲಿ ಒಂದು ಕೋಣೆ ಕೊಡಿಸಿದ್ದರು. ಆ ಮನೆಯಲ್ಲಿ ಸ್ನಾನವೆಂದರೆ ಮರದ ದೊಡ್ಡ ತೊಟ್ಟಿ, ಅದರ ತುಂಬ ಸುಡುಸುಡು ನೀರು. ಹೊರಗೆ ಮೈ ತೊಳೆದುಕೊಂಡು ಒಳಗೆ ಹೋಗಿ ಕೂರಬೇಕು, ಎದ್ದು ಬರಬೇಕು. ಆ ನೀರು ಎಲ್ಲರಿಗೂ ಒಂದೇ. ಇದು ಗೊತ್ತಿಲ್ಲದ ಚನ್ನವೀರ ಮೊದಲ ದಿನ ಒಂದು ಡಬರಿ ಹುಡುಕಿಕೊಂಡು, ತೊಟ್ಟಿಯ ನೀರನ್ನೆಲ್ಲ ಮೊಗೆಮೊಗೆದು ತಲೆಯ ಮೇಲೆ ಸುರಿದುಕೊಂಡು ಖಾಲಿಮಾಡಿ ಬಂದ. ಪಾಪ ಆ ಹೆಂಗಸು ನಗುನಗುತ್ತಲೇ ಮತ್ತೆ ಒಲೆ ಹೊತ್ತಿಸಿದಳು. ಮಾರನೆಯ ದಿನದಿಂದ ರೀತಿ ಕಲಿತೆವು. ನಾನು ಕೂತು ಎದ್ದ ನೀರಿನಲ್ಲಿ ಅವನು ಕೂರುತ್ತಿದ್ದ, "ಆಹಾ ಸ್ವರ್ಗ" ಎನ್ನುತ್ತಿದ್ದ. ನಾನು ಕೋಣೆಯಲ್ಲಿ ಟವೆಲ್ ಹಿಂಡುತ್ತ ಅದನ್ನು ಕೇಳಿಸಿಕೊಳ್ಳುತ್ತಿದ್ದೆ. ಊರಿನಲ್ಲಿ ಹೇಳಿದರೆ ಯಾರೂ ನಂಬಲಿಕ್ಕಿಲ್ಲ ಎನ್ನಿಸುತ್ತಿತ್ತು.

ಗಾಜಿನ ಪಾತ್ರೆಯಿಂದ ಎದ್ದ ದಾರ

ಕಾರಖಾನೆಯ ಪ್ರಯೋಗಶಾಲೆಯಲ್ಲಿ ನಮಗೆ ಪಾಠ ಹೇಳಲು ಇದ್ದವನು ಹಯಾಶಿ ಎಂಬ ತರುಣ ಕೆಮಿಸ್ಟ್. ಇಂಗ್ಲಿಷ್ ಬಲ್ಲವನು. ಮೊದಲ ದಿನವೇ ಒಂದು ಗಾಜಿನ ಪಾತ್ರೆ ಇಟ್ಟ. ತಳಕ್ಕೆ ಎಣ್ಣೆಯಂಥ ಭಾರದ ದ್ರವ ಸುರಿದ. ಅದರ ಮೇಲೆ, ಗೋಡೆಗುಂಟ ಮೆಲ್ಲಗೆ, ನೀರಿನಂಥ ಇನ್ನೊಂದನ್ನು ಇಳಿಬಿಟ್ಟ. ಎರಡೂ ಸೇರುವಲ್ಲಿ ಹಾಲಿನ ಕೆನೆಯಂಥ ತೆಳು ಪೊರೆ ಕಟ್ಟಿತು. ಚಿಮಟದಿಂದ ಆ ಪೊರೆಯನ್ನು ಹಿಡಿದು ಮೇಲೆತ್ತಿದ. ದಾರ ಬಂತು. ಬರುತ್ತಲೇ ಇತ್ತು. ಗಾಜಿನ ಕಡ್ಡಿಗೆ ಸುತ್ತಿದಷ್ಟೂ ಎದ್ದು ಬರುತ್ತಿತ್ತು.

ಪುಸ್ತಕದಲ್ಲಿ ಇದನ್ನು ನಾನು ಓದಿದ್ದೆ. ಧಾರವಾಡದಲ್ಲಿ ಹುಡುಗರಿಗೆ ಹಲಗೆಯ ಮೇಲೆ ಬರೆದು ತೋರಿಸಿದ್ದೆ. ಆದರೆ ಕಣ್ಣಾರೆ ನೋಡಿದ್ದು ಅಂದೇ. ನಮ್ಮವ್ವ ಮೊಣಕಾಲುದ್ದ ಕೊಳೆನೀರಿನಲ್ಲಿ ನಿಂತು ಸುಲಿಯುತ್ತಿದ್ದ ನಾರು, ಆಕೆಯ ಕಾಲ್ಬೆರಳ ಸಂದಿಯ ಹುಣ್ಣು, ಅಪ್ಪನ ಬೆನ್ನು, ಇದೆಲ್ಲ ಬೇಕಾಗಿಯೇ ಇರಲಿಲ್ಲವೇ ಎನ್ನಿಸಿತು.

ಮನೆಯಲ್ಲಿ ಓದುವವರಿಗೆ ಇದು ಹೇಗಾಗುತ್ತದೆಂದು ಸರಳವಾಗಿ ಹೇಳಿಬಿಡುತ್ತೇನೆ. ಒಂದು ಬಗೆಯ ಅಣುವಿಗೆ ಎರಡು ತುದಿಗೂ ಒಂದೊಂದು ಕೈ ಇದೆಯೆಂದು ತಿಳಿಯಿರಿ. ಇನ್ನೊಂದು ಬಗೆಯದಕ್ಕೂ ಎರಡು ಕೈ. ಇದರ ಕೈ ಅದರ ಕೈಯನ್ನು ಹಿಡಿಯುತ್ತದೆ, ತನ್ನದೇ ಬಗೆಯದನ್ನು ಹಿಡಿಯುವುದಿಲ್ಲ. ಹೀಗೆ ಇದು, ಅದು, ಇದು, ಅದು ಎಂದು ಸಾಲಾಗಿ ಕೈಹಿಡಿದು ಸರಪಳಿ ಬೆಳೆಯುತ್ತದೆ. ಪ್ರತಿ ಹಿಡಿತಕ್ಕೂ ಒಂದು ಪುಟ್ಟ ಅಣು ಹೊರಬೀಳುತ್ತದೆ. ಹಯಾಶಿಯ ಗಾಜಿನ ಪಾತ್ರೆಯಲ್ಲಿ ಬಿದ್ದದ್ದು ಆಮ್ಲ. ಕಾರಖಾನೆಯ ದೊಡ್ಡ ಹಂಡೆಯಲ್ಲಿ ಕಾಸಿ ಮಾಡುವಾಗ ಬೀಳುವುದು ನೀರು. ಆ ನೀರನ್ನು ಆವಿಮಾಡಿ ಹೊರಗೆ ಅಟ್ಟುತ್ತಲೇ ಇರಬೇಕು. ಒಳಗೇ ಉಳಿದರೆ ಅದು ಹಿಡಿದ ಕೈಗಳನ್ನು ಮತ್ತೆ ಬಿಡಿಸುತ್ತದೆ, ದಾರ ಉದ್ದವಾಗುವುದಿಲ್ಲ. ಟೆರಿಲಿನ್ ಬಟ್ಟೆ ಆಗುವುದೂ ಸುಮಾರಾಗಿ ಹೀಗೆಯೇ. ಮೂರು ಕೈಯ ಅಣುಗಳು ಸೇರಿದರೆ ಮಾತ್ರ ಸರಪಳಿ ಆಗದೆ ಬಲೆ ಆಗುತ್ತದೆ. ನಿಮ್ಮ ಮನೆಯ ದೀಪದ ಕರಿ ಸ್ವಿಚ್ಚಿನ ಬೇಕಲೈಟ್ ಅಂಥದ್ದು. ಅದು ಒಮ್ಮೆ ಗಟ್ಟಿಯಾದರೆ ಎಷ್ಟು ಕಾಸಿದರೂ ಕರಗುವುದಿಲ್ಲ, ಸುಟ್ಟುಹೋಗುತ್ತದೆ ಅಷ್ಟೇ.

"ಎರಡೂ ಸಮಸಮ ಇರಬೇಕು" ಎಂದ ಹಯಾಶಿ. "ಒಂದು ಬಗೆಯದು ಸ್ವಲ್ಪ ಹೆಚ್ಚಾದರೂ ಎಲ್ಲ ತುದಿಗಳಲ್ಲೂ ಅದೇ ನಿಂತುಬಿಡುತ್ತದೆ. ಹಿಡಿಯಲು ಎದುರಿಗೆ ಯಾರೂ ಇರುವುದಿಲ್ಲ. ಸರಪಳಿ ಗಿಡ್ಡವಾಗುತ್ತದೆ, ಹಗ್ಗ ಹರಿಯುತ್ತದೆ."

ಚನ್ನವೀರ ನನ್ನ ಬೆನ್ನು ತಟ್ಟಿ, "ನಾವಿಬ್ರೂ ಹಂಗ ನೋಡು. ನೀ ಔಷಧ, ನಾ ಮಶೀನು. ಸಮಸಮ" ಎಂದ. ಆ ವಾರ ಇಬ್ಬರೂ ಕೂತು ವರದಿಯ ಕರಡು ಬರೆದೆವು. ಕಾರಖಾನೆ ಮಾಸೂರಿನಲ್ಲಿ ಆಗಲಿ, ಅಲ್ಲಿ ಹಗ್ಗ ಬಲ್ಲ ಜನ ಇದ್ದಾರೆ, ದಾರ ಹೊರಗಿನಿಂದ ತರಿಸಿ ಅವರ ಕೈಯಿಂದ ಹೊಸೆಸಬಹುದು ಎಂದು ಬರೆದೆ. ಅವನು ಓದಿ, "ಒಳ್ಳೇದಾತು, ನಿಮ್ಮ ಊರು ಉದ್ಧಾರ ಆಗ್ಲಿ" ಎಂದು ನಕ್ಕ. ಸಹಿ ಮಾತ್ರ ಬಾಕಿಯಿತ್ತು. ಅಪ್ಪನಿಗೆ ಅಂದೇ ಕಾಗದ ಹಾಕಿದೆ, ಕೆಲಸ ನಮ್ಮ ಕೈಯಲ್ಲೇ ಉಳಿಯುತ್ತದೆ ಎಂದು.

ಓಕಾ ಅವರ ಅಂಗಳ

ಕಾರಖಾನೆಯ ಹಿಂಬದಿಯಲ್ಲಿ ಉದ್ದನೆಯ ಒಂದು ಚಪ್ಪರ. ಅಲ್ಲಿ ಸಿದ್ಧವಾದ ಹಗ್ಗಗಳನ್ನು ಪರೀಕ್ಷೆ ಮಾಡುವವರು ಓಕಾ ಎಂಬ ಮುದುಕರು. ಮೊದಲು ಸೆಣಬಿನ ಹಗ್ಗ ಹೊಸೆಯುತ್ತಿದ್ದವರು. ನೈಲಾನ್ ಬಂದು ಅವರ ಕಸುಬು ನಿಂತಾಗ, ಹಗ್ಗದ ಗುಣ ಕೈಗೆ ಗೊತ್ತಿರುವವರು ಬೇಕೆಂದು ಕಾರಖಾನೆಯವರೇ ಮನೆಗೆ ಹೋಗಿ ಕರೆತಂದಿದ್ದರಂತೆ. ಎಂಜಿನಿಯರುಗಳು ಕೂಡ ಅವರಿಗೆ ಬಗ್ಗಿ ವಂದಿಸಿ ಒಳಗೆ ಬರುತ್ತಿದ್ದರು. ನಾನು ಅದನ್ನು ನೋಡುತ್ತಲೇ ಅಪ್ಪನನ್ನು ಅಲ್ಲಿ ಕೂರಿಸಿಕೊಂಡೆ.

ಕರಡು ಮುಗಿದ ಮೇಲೆ ಒಂದು ದಿನ ಓಕಾ ಹರಿದ ಹಗ್ಗವನ್ನು ಗಂಟಿಲ್ಲದೆ ಕೂಡಿಸುವುದನ್ನು ತೋರಿಸಿದರು. ಎರಡೂ ತುದಿಯ ಎಳೆ ಬಿಡಿಸಿ, ಮರದ ಚೂಪು ಮೊಳೆಯಿಂದ ಸಂದು ಮಾಡಿ, ಇದರ ಎಳೆಯನ್ನು ಅದರೊಳಗೆ, ಅದರ ಎಳೆಯನ್ನು ಇದರೊಳಗೆ ಹೆಣೆಯುವುದು. ಪುಂಡಿ ಹಗ್ಗಕ್ಕೆ ಮೂರು ಸುತ್ತು ಸಾಕು. ನೈಲಾನ್ ನುಣುಪು, ಜಾರುತ್ತದೆ, ಅದಕ್ಕೆ ಐದು ಬೇಕು. ಕೊನೆಗೆ ತುದಿಗಳನ್ನು ಬೆಂಕಿಗೆ ಹಿಡಿದು ಕರಗಿಸಿ ಒತ್ತಬೇಕು. ತೋರಿಸಿ, ನಮ್ಮಿಬ್ಬರಿಗೂ ಒಂದೊಂದು ತುಂಡು ಕೊಟ್ಟರು.

ಚನ್ನವೀರ ನಗುತ್ತ ಒಂದು ದಪ್ಪ ಗಂಟು ಹಾಕಿಟ್ಟ. ನಾನು ನೆಲಕ್ಕೆ ಕೂತೆ. ಆಮೇಲೆ ಆದದ್ದನ್ನು ನಾನು ಮಾಡಿದೆ ಎನ್ನಲಾರೆ, ಅದು ಆಯಿತು. ಕಾಲುಚೀಲ ಕಳಚಿದ್ದು ನನಗೆ ನೆನಪಿಲ್ಲ. ಎಡಗಾಲು ಮುಂದೆ ಚಾಚಿತು, ಹೆಬ್ಬೆರಳು ಹಗ್ಗವನ್ನು ಕಚ್ಚಿ ಹಿಡಿಯಿತು, ಕೈಗಳು ಎಳೆ ಹೆಣೆಯತೊಡಗಿದವು. ಹತ್ತು ವರ್ಷ ಪುಸ್ತಕ ಹಿಡಿದ ಕೈಗಳು ಏನನ್ನೂ ಮರೆತಿರಲಿಲ್ಲ. ಐದು ಸುತ್ತು ಮುಗಿಸಿ ತಲೆಯೆತ್ತಿದರೆ ಚಪ್ಪರದಲ್ಲಿದ್ದವರೆಲ್ಲ ನನ್ನ ಸುತ್ತ ನೆರೆದಿದ್ದರು.

ಓಕಾ ಒಮ್ಮೆಲೇ ಕೂಗಿದರು. ತಮ್ಮ ಎಡಗಾಲನ್ನು ಮುಂದಿಟ್ಟು ತೋರಿಸಿದರು. ಅವರ ಕಾಲುಚೀಲವೇ ಹೆಬ್ಬೆರಳಿಗೆ ಬೇರೆ ಮನೆ ಇರುವಂಥದ್ದು, ಅಲ್ಲಿನವರು ತೊಡುವುದೇ ಅಂಥದ್ದನ್ನು. ಆ ಬೆರಳ ಸಂದಿಯನ್ನು ತೋರಿಸುತ್ತ, ನನ್ನ ಕಾಲನ್ನು ತೋರಿಸುತ್ತ ಏನೇನೋ ಹೇಳಿದರು.

"ನಿಮ್ಮ ಮನೆತನ ಹಗ್ಗ ಮಾಡುವವರದ್ದೇ, ಹೌದಲ್ಲ ಎಂದು ಕೇಳುತ್ತಿದ್ದಾರೆ" ಎಂದ ಹಯಾಶಿ. "ಈ ಹಿಡಿತ ಕಲಿಸಿ ಬರುವುದಲ್ಲವಂತೆ. ಎಷ್ಟು ತಲೆಮಾರಿನದು ಎಂದು ಕೇಳುತ್ತಿದ್ದಾರೆ."

ಚನ್ನವೀರ ನನ್ನ ಕಾಲನ್ನೇ ನೋಡುತ್ತಿದ್ದ. ಅವನೂ ನಮ್ಮ ಕಡೆಯವನೇ. ಕಾಲಿನಲ್ಲಿ ಹಗ್ಗ ಹಿಡಿದು ಕೂರುವವರು ಯಾವ ಕೇರಿಯವರೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಲ್ಲೋ ಒಂದು ಕಡೆ ನೋಡಿ ಕಲಿತೆ ಎಂದು ನಾನು ಹೇಳಬಹುದಿತ್ತು. ಆದರೆ ಆ ಮುದುಕರ ಮುಖದಲ್ಲಿದ್ದ ಸಂತೋಷದ ಮುಂದೆ ಸುಳ್ಳು ಬರಲಿಲ್ಲ.

"ಹೌದು" ಎಂದೆ. "ನಮಗೆ ಗೊತ್ತಿರುವ ಎಲ್ಲ ತಲೆಮಾರೂ."

ಓಕಾ ಸೊಂಟ ಬಗ್ಗಿಸಿ ನನಗೆ ವಂದಿಸಿದರು. ತಮ್ಮ ಕೈಯಲ್ಲಿದ್ದ ಮರದ ಮೊಳೆಯನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಹಗ್ಗದವನ ಮಗನೆಂದು ತಿಳಿದ ಮೇಲೆ ಒಬ್ಬ ಮನುಷ್ಯ ನನ್ನ ಕೈಗೆ ಕೈಯಾರೆ ವಸ್ತು ಕೊಟ್ಟದ್ದು ಅದೇ ಮೊದಲು. ನನಗೆ ಅಳು ಬಂತು, ಅತ್ತೆ. ಅವರು ಅದನ್ನು ನಮ್ಮ ದೇಶದ ಪದ್ಧತಿ ಎಂದುಕೊಂಡಿರಬೇಕು.

ಮನೆಗೆ ಬರುವಾಗ ಚನ್ನವೀರ ನನ್ನಿಂದ ಎರಡು ಹೆಜ್ಜೆ ಮುಂದೆಯೇ ನಡೆದ. ಮೀನು ಒಣಹಾಕಿದ ದಾರಿ ಮುಗಿಯುವಾಗ ಹೇಳಿದ.

"ಮೊದಲ ಹೇಳಬೇಕಿತ್ರಿ."

"ಏನಂತ?"

"ಏನಂತ ನಿಮಗ ಗೊತ್ತೈತ್ರಿ. ನಾ ಅಂಥಾದ್ದೆಲ್ಲ ಮಾಡಾಂವ ಅಲ್ಲ. ಆದ್ರೂ ಒಂದ ಡಬ್ಬಿಯಾಗ ಉಂಡೇವಲ್ರಿ. ಮೊದಲ ಒಂದ ಮಾತು ಹೇಳಬೇಕಿತ್ತು."

"ಹೇಳಿದ್ರ ನೀ ಉಣ್ತಿದ್ದೇನು?"

'ನೀ' ಹೋಗಿ ಮತ್ತೆ 'ರಿ' ಬಂದದ್ದು ಅಂದೇ. ಅಷ್ಟು ಮರ್ಯಾದೆಯ ಮಾತು ನನಗೆ ಅಷ್ಟು ಚುಚ್ಚಿದ್ದು ಇನ್ನೊಮ್ಮೆಯಿಲ್ಲ.

ಕೆಟಲಿ

ನಮ್ಮ ಕೋಣೆಯಲ್ಲಿ ಬೇಕಲೈಟಿನ ಕರಿ ಹಿಡಿಕೆಯ ಒಂದು ಕೆಟಲಿ ಇತ್ತು. ಕುಡಿಯುವ ನೀರು ಅದರಲ್ಲಿ. ಮಾರನೆಯ ಬೆಳಿಗ್ಗೆ ನಾನು ಅದರಿಂದ ನೀರು ಬಗ್ಗಿಸಿಕೊಂಡು ಇಟ್ಟೆ. ಚನ್ನವೀರ ಎದ್ದು, ಉಳಿದ ನೀರು ಚೆಲ್ಲಿ, ಅಂಗಳದ ನಲ್ಲಿಯಲ್ಲಿ ಕೆಟಲಿಯನ್ನು ತಿಕ್ಕಿ ತೊಳೆದು, ಮತ್ತೆ ತುಂಬಿಸಿಕೊಂಡು ಬಂದ. ಹಿಡಿಕೆಯನ್ನು ಎರಡು ಸಲ ತೊಳೆದ. ನನ್ನ ಮುಖ ನೋಡಲಿಲ್ಲ. ಡಬ್ಬಿಯ ತಳದಲ್ಲಿ ಉಳಿದಿದ್ದ ಸವಣೂರಿನ ಖಾರ ಆಮೇಲೆ ಹೊರಗೆ ಬರಲಿಲ್ಲ. ಸ್ನಾನಕ್ಕೆ ಮೊದಲು ಅವನೇ ಹೋಗತೊಡಗಿದ.

ಮೂರನೆಯ ದಿನ ಅವನು ಕೆಟಲಿ ತೊಳೆಯುವುದನ್ನು ಮನೆಯೊಡತಿ ನೋಡಿದಳು. ತನ್ನ ಪಾತ್ರೆ ಹೊಲಸಾಗಿದೆ ಎಂದುಕೊಂಡಳು. ಓಡಿಬಂದು, ಕೆಟಲಿ ಕಸಿದುಕೊಂಡು, ಗಸಗಸ ತಿಕ್ಕಿ, ನಮ್ಮ ಮುಂದೆ ಇಟ್ಟು ನೆಲಕ್ಕೆ ಹಣೆ ಮುಟ್ಟಿಸಿ ಕ್ಷಮೆ ಕೇಳಿದಳು. ಮೊದಲು ಅವನಿಗೆ, ಆಮೇಲೆ ನನಗೆ. ತಪ್ಪು ನಿನ್ನದಲ್ಲ ತಾಯಿ ಎಂದು ಹೇಳಲು ನನಗೆ ಅವಳ ಭಾಷೆ ಬರುತ್ತಿರಲಿಲ್ಲ. ಬಂದಿದ್ದರೂ ಏನೆಂದು ಹೇಳುತ್ತಿದ್ದೆ? ಆ ದೇಶದವಳಿಗೆ ಈ ತೊಳೆಯುವಿಕೆಯನ್ನು ಯಾವ ಮಾತಿನಲ್ಲಿ ಬಿಡಿಸಿ ಹೇಳಬೇಕು? ಮರುದಿನ ಆಕೆ ಹೊಸ ಕೆಟಲಿಯನ್ನೇ ಕೊಂಡುತಂದು ಇಟ್ಟಳು. ಅವನು ಅದನ್ನೂ ತೊಳೆದ.

ನಾವು ಒಟ್ಟಿಗೆ ಬರೆದ ಕರಡಿಗೆ ಅವನು ಸಹಿ ಹಾಕಲಿಲ್ಲ.

"ಮಾಸೂರು ಒಳಗಿನ ಹಳ್ಳಿ ಆತ್ರಿ, ಮಾಸೂರ ಅವರ. ಶಿಗ್ಗಾಂವ ಹೈವೇ ಮ್ಯಾಲೆ ಐತಿ. ಲಾರಿ ಸೀದಾ ಬರ್ತಾವು."

"ಹೊಸಿಯೂ ಮಂದಿ?"

"ಮಶೀನ ಐತೆಲ್ರಿ. ಹೊಸಬರನ್ನ ತಗೊಂಡು ಕಲಿಸಬಹುದು. ಮತ್ತ ಇನ್ನೊಂದು, ಸಿಟ್ಟಾಗಬ್ಯಾಡ್ರಿ. ಮಂದಿ ಈ ಹಗ್ಗ ಯಾಕ ಕೊಳ್ತಾರ? ಯಾರೂ ಮುಟ್ಟಿಲ್ಲ ಅಂತನ. ಅದನ್ನ ಕೇರಿಯವರ ಕೈಯಿಂದ ಮಾಡಿಸಿದ್ರ ಯಾರು ತಗೋತಾರ್ರಿ?"

ಕೂಗಾಡಿದೆ. ಓಕಾ ಅವರನ್ನು ನೋಡಿದೆಯಲ್ಲ, ಅವರಿಲ್ಲದೆ ಈ ಕಾರಖಾನೆ ಒಂದು ದಿನ ನಡೆಯುತ್ತದೆಯೇ ಎಂದು ಕೇಳಿದೆ. ಅದು ಇಲ್ಲಿ, ಅದು ಜಪಾನ್ ಎಂದ. ಅವನು ಬೇರೆ ವರದಿ ಟೈಪು ಮಾಡಿಸಿದ, ನಾನು ಬೇರೆ. ನನ್ನ ಸಿಟ್ಟಿಗೆ ನನ್ನ ವರದಿಯ ಇಂಗ್ಲಿಷ್ ಕೆಟ್ಟಿತ್ತು. ಅವನದು ತಣ್ಣಗೆ, ಅಚ್ಚುಕಟ್ಟಾಗಿ ಇತ್ತು.

ಕೊನೆಯ ದಿನ ಹಯಾಶಿ, "ನೀವಿಬ್ಬರೂ ಜಗಳ ಆಡಿದ್ದೀರಾ?" ಎಂದು ಕೇಳಿದ. "ನಾವಲ್ಲ, ನಾವು ಹುಟ್ಟುವ ಮುಂಚೆಯೇ ಆದದ್ದು" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಒಳ್ಳೆಯ ಹುಡುಗ, ಒತ್ತಾಯ ಮಾಡಲಿಲ್ಲ. ಬೋಟಿನಲ್ಲಿ ಚನ್ನವೀರ ಬೇರೆ ಕೋಣೆ ಪಡೆದುಕೊಂಡ. ಹಿಂತಿರುಗುವಾಗ ಸಮುದ್ರ ಶಾಂತವಾಗಿತ್ತು, ನಾನು ಒಮ್ಮೆಯೂ ಕಾರಲಿಲ್ಲ.

ಮತ್ತೆ ಮಾಸೂರು

ಸಮಿತಿ ಚನ್ನವೀರನ ವರದಿಯನ್ನು ಒಪ್ಪಿತು. ಶಿಗ್ಗಾಂವದಲ್ಲಿ ಶೆಡ್ ಎದ್ದಿತು, ಮಶೀನು ಬಂತು. ನಮ್ಮ ಕೇರಿಯ ಒಬ್ಬನನ್ನೂ ಕರೆಯಲಿಲ್ಲ. ನನ್ನ ಕಾಗದವನ್ನು ಅಪ್ಪ ಯಾರಿಂದಲೋ ಓದಿಸಿ ಕೇರಿಯವರಿಗೆಲ್ಲ ಹೇಳಿಕೊಂಡಿದ್ದ. ನಾನು ಊರಿಗೆ ಬಂದಾಗ ಅವನು ಆ ಮಾತನ್ನು ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ವರ್ಷ ತುಂಬುವುದರೊಳಗೆ ಊರಿನ ಬಾವಿಗಳಿಗೆ ಬಿಳಿ ಹಗ್ಗ ಇಳಿದವು. ಗೌಡರ ಬಾವಿಗೆ ಎಲ್ಲಕ್ಕಿಂತ ಮೊದಲು. ಅಂಗಡಿಯಿಂದ ತಂದದ್ದು, ದೋಣಿಯಲ್ಲಿ ಮುಳುಗಿಸುವ ರಗಳೆಯಿಲ್ಲ. ಅಪ್ಪನ ಪುಂಡಿ ಸೂಡುಗಳು ಕೆರೆಯ ದಂಡೆಯಲ್ಲೇ ಒಣಗಿದವು.

ನಾನು ರಜೆಗೆ ಬಂದಿದ್ದ ಒಂದು ಮುಂಜಾನೆ ಗೌಡರ ಆಳು ಕೇರಿಗೆ ಬಂದ. ಬಾವಿಯ ಹಗ್ಗ ರಾಟೆಗೆ ಉಜ್ಜಿ ನಡುವೆ ಹರಿದಿದೆ, ಗಂಟು ಹಾಕಿದರೆ ಜಾರುತ್ತದೆ, ರಾಟೆಯಲ್ಲೂ ಸಿಕ್ಕಿಕೊಳ್ಳುತ್ತದೆ, ಬಂದು ಕೂಡಿಸಿಕೊಡಬೇಕು ಎಂದ. ಅಪ್ಪ ಎದ್ದು ಹೊರಟ. ನಾನೂ ಜೊತೆಗೆ ಹೋದೆ.

ಅಂಗಳದಲ್ಲಿ ಎಸೆದಿದ್ದ ಹಗ್ಗವನ್ನು ಅಪ್ಪ ಎತ್ತಿಕೊಂಡು ಕೂತ. ಬೆರಳಲ್ಲಿ ಹಿಡಿದ, ಮೂರು ಸುತ್ತು ಹೆಣೆದ. ಜಗ್ಗಿ ನೋಡಿದರೆ ಎಳೆಗಳು ಸರಸರ ಕಳಚಿಬಂದವು. ಮತ್ತೆ ಹೆಣೆದ. ಮತ್ತೆ ಕಳಚಿತು. ಮೂರನೆಯ ಸಲವೂ ಹಾಗೇ ಆದಾಗ ಹಗ್ಗವನ್ನು ನೆಲಕ್ಕಿಟ್ಟ. ಜಗುಲಿಯ ಮೇಲೆ ಕೂತ ಗೌಡರ ಕಡೆ ನೋಡಿ, "ನನಗ ಬರಂಗಿಲ್ರಿ ಇದು" ಎಂದ. ಹಗ್ಗದ ಬಗ್ಗೆ ಆ ಮಾತನ್ನು ಅವನು ಅದುವರೆಗೆ ಯಾರಿಗೂ ಹೇಳಿರಲಿಲ್ಲ.

ನಾನು ಬೂಟು ಕಳಚಿದೆ, ಕಾಲುಚೀಲ ಕಳಚಿದೆ. ಪ್ಯಾಂಟು ಹಾಕಿಕೊಂಡೇ ಮಣ್ಣಿನಲ್ಲಿ ಅಪ್ಪನ ಪಕ್ಕ ಕೂತು ಹೆಬ್ಬೆರಳಲ್ಲಿ ಹಗ್ಗ ಹಿಡಿದೆ. ಓಕಾ ಕೊಟ್ಟ ಮರದ ಮೊಳೆ ಕಿಸೆಯಲ್ಲೇ ಇತ್ತು. ಐದು ಸುತ್ತು ಹೆಣೆದೆ. ಬೆಂಕಿಕಡ್ಡಿ ಗೀರಿ ತುದಿಗಳನ್ನು ಕರಗಿಸಿ ಒತ್ತಿದೆ. ಅಪ್ಪ ಅದನ್ನು ತೆಗೆದುಕೊಂಡು ಕಾಲು ಕೊಟ್ಟು ಜಗ್ಗಿದ. ಕದಲಲಿಲ್ಲ. ಕೂಡಿದ ಜಾಗವನ್ನು ಬೆರಳಿನಿಂದ ಸವರಿ ಸವರಿ ನೋಡಿದ. ಅವನ ಮುಖ ಅರಳಿತು. ಜಪಾನಿನಿಂದ ಬಂದ ಮೇಲೆ ಆ ಮುಖವನ್ನು ನಾನು ಅಂದೇ ಕಂಡದ್ದು.

ಆಳು ಕೋಲು ತಂದ. ಹಗ್ಗವನ್ನು ಅದರಿಂದ ಎತ್ತಿಕೊಂಡು ಕಲ್ಲುದೋಣಿಯ ಕಡೆ ನಡೆದ. ಎಷ್ಟೋ ತಿಂಗಳಿಂದ ಒಣಗಿದ್ದ ದೋಣಿಗೆ ಒಬ್ಬಾಕೆ ಆಗಲೇ ನೀರು ತುಂಬಿ ಅರಿಸಿನ ಕಲಸುತ್ತಿದ್ದಳು.

"ಅದನ್ನ ನೆನಸಬ್ಯಾಡ್ರಿ" ಎಂದೆ ಗಟ್ಟಿಯಾಗಿ. "ಪುಂಡಿ ಹಗ್ಗ ಅಲ್ಲದು. ನೆನದ್ರ ಹಿಗ್ಗತೈತಿ, ಬಲಾ ಕಡಿಮಿ ಆಗತೈತಿ."

ಗೌಡರು ನಗುತ್ತಲೇ ಹೇಳಿದರು. "ನೀ ಓದಿದಾಂವ, ನಿನಗ ಗೊತ್ತಿರತೈತಿ. ಆದ್ರ ಕೈ ತಾಗೇತೆಲ್ಲೋ ತಮ್ಮಾ."

ಹಗ್ಗ ಅರಿಸಿನದ ನೀರಿನಲ್ಲಿ ಮುಳುಗಿತು. ನಾನು ಮಣ್ಣಿನಲ್ಲಿ ಕೂತೇ ಇದ್ದೆ, ಒಂದು ಕಾಲುಚೀಲ ಕೈಯಲ್ಲಿ. ಅಪ್ಪ ದೋಣಿಯ ಕಡೆ ನೋಡಿದ. ಈ ಸಲ ನಗಲಿಲ್ಲ.

"ಜಪಾನಿನ್ಯಾಗೂ ತೊಳಿತಾರೇನು?" ಎಂದು ಕೇಳಿದ.

"ಅಲ್ಲಿಯವರು ತೊಳಿಯಂಗಿಲ್ಲಪ್ಪಾ" ಎಂದೆ. "ಇಲ್ಲಿಂದ ಹೋದಾಂವ ಅಲ್ಲೂ ತೊಳದ."